ಪ್ರಪೋಸಲ್‌ಗೂ ಮುಂಚಿನ ಮಾತು

ಸಂಸ್ಥೆಗಳಲ್ಲಿ ಬದಲಾವಣೆ ತರಲು ಸಲಹೆ ಕೊಡುವುದು ನನ್ನ ಕೆಲಸ. ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ ಕಡೆಯ ಸಣ್ಣ ಕಾರ್ಖಾನೆಗಳೇ ಜಾಸ್ತಿ. ಹೊಸದಾಗಿ ಈ ಕೆಲಸಕ್ಕೆ ಬಂದವರು ಪ್ರಪೋಸಲ್, ಅಂದರೆ ಏನು ಕೆಲಸ, ಎಷ್ಟು ಫೀಸು ಅಂತ ಬರೆದುಕೊಡುವ ಪತ್ರ, ಹೇಗೆ ಬರೆಯಬೇಕು ಅಂತ ಕೇಳುತ್ತಾರೆ. ನನ್ನ ಪ್ರಕಾರ ಅದು ಆಮೇಲಿನ ಮಾತು. ಅದಕ್ಕೂ ಮುಂಚೆ ಯಜಮಾನರ ಜೊತೆ ಕೂತು ಏನು ಮಾತಾಡುತ್ತೀರಿ ಅನ್ನುವುದರಲ್ಲೇ ಮುಂದಿನದು ಅರ್ಧ ತೀರ್ಮಾನ ಆಗಿರುತ್ತದೆ.

ವಸಂತನರಸಾಪುರದ ಒಂದು ಕಾರ್ಖಾನೆ, ವಾಹನಗಳ ಬಿಡಿಭಾಗ ಮಾಡುತ್ತಾರೆ. ತಂದೆ ಕಟ್ಟಿದ್ದು, ಈಗ ಮಗ ನೋಡಿಕೊಳ್ಳುತ್ತಾರೆ. ಫೋನ್ ಮಾಡಿದ್ದು ಮಗ. "ಸರ್, ಇಆರ್‌ಪಿ ಹಾಕಿಸಿದ್ದೀವಿ, ಯಾರೂ ಸರಿಯಾಗಿ ಎಂಟ್ರಿ ಮಾಡ್ತಿಲ್ಲ. ಬಂದು ಒಂದು ಟ್ರೈನಿಂಗ್ ಕೊಟ್ಬಿಡಿ." ಇಆರ್‌ಪಿ ಅಂದರೆ ಆರ್ಡರ್, ಮಾಲು, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್.

ನಾನು ಹೂಂ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಮೊದಲು ಬಂದು ನೋಡುತ್ತೇನೆ, ಅದಕ್ಕೆ ದುಡ್ಡು ಬೇಡ, ಆದರೆ ಸ್ಟೋರ್‌ನವರ ಜೊತೆ, ಡಿಸ್ಪ್ಯಾಚ್‌ನವರ ಜೊತೆ ಮಾತಾಡಲು ಬಿಡಬೇಕು ಅಂದೆ. ಹೋಗಿ ನೋಡಿದರೆ ಅವರಿಗೆ ಕಂಪ್ಯೂಟರ್ ಚೆನ್ನಾಗೇ ಬರುತ್ತದೆ. ಬೆಳಗ್ಗೆ ಎಂಟ್ರಿ ಮಾಡಿಟ್ಟಿರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ದೊಡ್ಡ ಯಜಮಾನರ ಫೋನ್ ಬರುತ್ತದೆ, ಆ ಆರ್ಡರ್ ಬಿಡಿ, ಈ ಆರ್ಡರ್‌ಗೆ ಮೊದಲು ಮಾಲು ಕೊಡಿ ಅಂತ. ಒಂದು ಚೀಟಿಯ ಮೇಲೆ ಮಾಲು ಹೊರಗೆ ಹೋಗುತ್ತದೆ, ಸಂಜೆಗೆ ಲೆಕ್ಕ ತಾಳೆ ಆಗಲ್ಲ. ಇದಕ್ಕೆ ಟ್ರೈನಿಂಗ್ ಏನು ಮಾಡೀತು?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಎಡ್ಗರ್ ಶೈನ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಮ್ಮನ್ನು ಮೊದಲು ಕರೆದವರು ಒಬ್ಬರಿರಬಹುದು, ಸಮಸ್ಯೆ ನಿಜವಾಗಿ ಯಾರದ್ದೋ ಅವರು ಬೇರೆಯವರೇ ಇರಬಹುದು. ಇಲ್ಲಿ ಕರೆದದ್ದು ಮಗ, ಫೋನ್ ಮಾಡಿ ಆರ್ಡರ್ ಬದಲಿಸುತ್ತಿದ್ದದ್ದು ತಂದೆ. ಹಾಗಾಗಿ ತಂದೆಯ ಜೊತೆ ಕೂರದೆ ಮುಂದೆ ಹೋಗಲ್ಲ ಅಂದೆ. ಮಗನಿಗೆ ಸ್ವಲ್ಪ ಕಷ್ಟ ಆಯಿತು, ಅಪ್ಪನ ಎದುರು ಈ ಮಾತು ಎತ್ತುವುದು ಸುಲಭ ಅಲ್ಲ, ಅಲ್ವಾ? ಆದರೂ ಕೂರಿಸಿದರು.

"ನೀವೇ ಇವರಿಗೆಲ್ಲ ಸ್ವಲ್ಪ ಬುದ್ಧಿ ಹೇಳಿ" ಅಂತ ಶುರು ಮಾಡಿದರು ಹಿರಿಯರು. ನಾನೇನು ಮಾಡುತ್ತೇನೆ ಅಂತ ಚಿಕ್ಕದಾಗಿ ಹೇಳಿ, ನನಗೆ ನಿಮ್ಮಿಂದ ಏನು ಬೇಕು ಅನ್ನುವುದಕ್ಕೆ ಬಂದೆ. ಇದನ್ನು ಕೇಳಲು ನಮ್ಮಲ್ಲಿ ತುಂಬಾ ಜನ ಹಿಂಜರಿಯುತ್ತಾರೆ, ಕೆಲಸ ಕೈ ತಪ್ಪೀತು ಅಂತ. ನಾನು ನೇರವಾಗಿ ಕೇಳಿದೆ: ಚೀಟಿ ಮೇಲೆ ಮಾಲು ಹೋಗಬಾರದು, ನಿಮ್ಮ ಚೀಟಿ ಆದರೂ ಸರಿ. ಕೆಲಸದವರು ನನಗೆ ಹೇಳಿದ್ದರಲ್ಲಿ ವಿಷಯ ಹೇಳುತ್ತೇನೆ, ಹೆಸರು ಹೇಳಲ್ಲ. ಇನ್ನು ನಾನು ಯಾಕೆ ಬಂದಿದ್ದೇನೆ ಅಂತ ಸೂಪರ್‌ವೈಸರ್‌ಗಳಿಗೆ ನೀವೇ ನಿಂತು ಹೇಳಬೇಕು, ಯಾಕಂದ್ರೆ ಹೊರಗಿನವನೊಬ್ಬ ಪುಸ್ತಕ ಹಿಡಿದು ಓಡಾಡಿದರೆ ಆಳು ಕಡಿಮೆ ಮಾಡೋಕೆ ಬಂದಿದ್ದಾನೆ ಅಂತಲೇ ಶಾಪ್ ಫ್ಲೋರ್‌ನಲ್ಲಿ ಸುದ್ದಿ ಆಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಜೆಂಟ್ ಆರ್ಡರ್ ಬಂದ್ರೆ ಏನ್ ಮಾಡ್ಲಿ ಹೇಳಿ?" ಅಂದರು. ನನಗೆ ನಿಜಕ್ಕೂ ಖುಷಿ ಆಯಿತು. ಆಗಲ್ಲ ಅನ್ನುವವರು ಹೀಗೆ ಕೇಳುವುದಿಲ್ಲ. ಅರ್ಜೆಂಟ್ ಇದ್ದರೆ ಸ್ಟೋರ್‌ಗೆ ಫೋನ್ ಮಾಡುವ ಬದಲು ಮಗನಿಗೆ ಮಾಡುವುದು, ಮಗ ಇಆರ್‌ಪಿಯಲ್ಲಿ ಆರ್ಡರ್ ಮೇಲೆ ಕೆಳಗೆ ಮಾಡಿದ ಮೇಲೆ ಮಾಲು ಕೊಡುವುದು, ಇಷ್ಟನ್ನು ಅಪ್ಪ ಮಗ ನನ್ನೆದುರೇ ಮಾತಾಡಿಕೊಂಡರು. ಹೆಸರಿನ ವಿಷಯಕ್ಕೆ ಮಾತ್ರ ತುಸು ಎಳೆದಾಡಿದರು. ಅದರಲ್ಲಿ ನಾನು ಬಗ್ಗುವುದಿಲ್ಲ, ಅದಿಲ್ಲದೆ ಕೆಲಸ ಒಪ್ಪಿಕೊಳ್ಳಲೂ ಹೋಗಲ್ಲ. ಕೊನೆಗೆ ಒಪ್ಪಿದರು.

ಇದನ್ನೆಲ್ಲ ಕನ್ನಡದಲ್ಲೇ ಬರೆದೆ, ಹಿರಿಯರು ತಾವೇ ಓದಿ ತಿದ್ದುವ ಹಾಗೆ. ನಾನು ಮಾಡುವುದು ಒಂದು ಕಡೆ, ಅವರು ಮಾಡುವುದು ಇನ್ನೊಂದು ಕಡೆ. ತಿಂಗಳಿಗೊಮ್ಮೆ ಮೂವರೂ ಕೂತು ನೋಡುವುದು, ಬೇಡ ಅನಿಸಿದರೆ ಆ ತಿಂಗಳ ಕೊನೆಗೆ ಯಾರು ಬೇಕಾದರೂ ನಿಲ್ಲಿಸಬಹುದು ಅಂತಲೂ ಸೇರಿಸಿದೆ. ಫೀಸಿನ ಮಾತು ಆಡಿದ್ದು ಇದಾದ ಮೇಲೆ. ಏನು ಕೆಲಸ ಅಂತ ಇಬ್ಬರಿಗೂ ಗೊತ್ತಿದ್ದುದರಿಂದ ಅಲ್ಲಿ ಚೌಕಾಸಿ ಜಾಸ್ತಿ ನಡೆಯಲಿಲ್ಲ.