ಸೈರೆಕ್ಸ್ ಕಣಜದ ಮೇಲೆ ಜಂತುಹುಳು: ತೂತು, ಪಸೆ, ತಳಿ

ಪೈನ್ ನೆಡುತೋಪುಗಳಿಗೆ ಸೈರೆಕ್ಸ್ ನಾಕ್ಟಿಲಿಯೊ ಎಂಬ ಮರಕಣಜ ಬಿದ್ದಾಗ ಡೆಲಾಡಿನಸ್ ಸಿರಿಸಿಡಿಕೋಲ ಎಂಬ ಸೂಕ್ಷ್ಮ ಜಂತುಹುಳುವನ್ನು (ನೆಮಟೋಡ್) ಬಿಡುತ್ತೇವೆ. ಕೆಲಸ ಹೇಳುವುದಕ್ಕೆ ಸುಲಭ: ಮರ ಕಡಿ, ತೂತು ಹೊಡೆ, ಹುಳು ಬೆರೆಸಿದ ನೊರೆ ತುಂಬು. ಆದರೆ ನನ್ನ ಪ್ರಕಾರ ಪ್ಯಾಕೆಟ್ಟಿನಲ್ಲಿ ಎಷ್ಟು ಲಕ್ಷ ಹುಳುಗಳಿವೆ ಎನ್ನುವುದಕ್ಕಿಂತ ತೂತು ಹೇಗೆ ಬಿದ್ದಿದೆ, ಮರದಲ್ಲಿ ಪಸೆ ಎಷ್ಟಿದೆ ಎನ್ನುವುದರ ಮೇಲೇ ಫಲ ನಿಂತಿದೆ.

ಕಾರಣ ಈ ಹುಳುವಿನ ಬದುಕಿನಲ್ಲಿದೆ. ಹೆಣ್ಣು ಕಣಜ ಮೊಟ್ಟೆಯ ಜೊತೆಗೆ ವಿಷದ ಲೋಳೆಯನ್ನೂ ಅಮೈಲೊಸ್ಟೀರಿಯಮ್ ಶಿಲೀಂಧ್ರವನ್ನೂ ಮರದೊಳಗೆ ಚುಚ್ಚುತ್ತದೆ. ಮರ ಸಾಯುವುದು ಇವೆರಡರಿಂದ. ಜಂತುಹುಳು ಅದೇ ಶಿಲೀಂಧ್ರವನ್ನು ತಿನ್ನುತ್ತಾ ಮರದಲ್ಲೆಲ್ಲ ತಲೆಮಾರುಗಟ್ಟಲೆ ಹರಡುತ್ತದೆ. ಕಣಜದ ಮರಿಹುಳುವಿನ ಹತ್ತಿರ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಆಮ್ಲತೆ ಏರಿದ ಜಾಗದಲ್ಲಿ ಮಾತ್ರ ಜಂತುಹುಳುವಿನ ಮರಿಗಳು ಪರಾವಲಂಬಿ ಹೆಣ್ಣುಗಳಾಗಿ ಬೆಳೆದು, ಮರಿಹುಳುವಿನ ಮೈ ಕೊರೆದು ಒಳಹೋಗುತ್ತವೆ. ಅವುಗಳ ಸಂತಾನ ಕಣಜದ ಅಂಡಾಶಯ ಸೇರಿ ಮೊಟ್ಟೆಗಳನ್ನು ತುಂಬುತ್ತದೆ. ಕಣಜ ಬದುಕಿರುತ್ತದೆ, ಹಾರುತ್ತದೆ, ಬೇರೆ ಮರಕ್ಕೆ ಮೊಟ್ಟೆ ಚುಚ್ಚುತ್ತದೆ, ಇಳಿಯುವುದು ಜಂತುಹುಳು. ಹಂಚುವ ಕೂಲಿಯನ್ನು ಶತ್ರುವೇ ಮಾಡಿಕೊಡುತ್ತದೆ.

ಮೊದಲು ಬಲೆಮರ, ಅಂದರೆ ಕಣಜವನ್ನು ಸೆಳೆಯಲು ಬೇಕೆಂದೇ ಸೊರಗಿಸುವ ಮರ. ಕಣಜ ಹಾರುವ ಕಾಲಕ್ಕೆ 8ರಿಂದ 12 ವಾರ ಮುಂಚೆ, ಐದರಿಂದ ಹತ್ತು ಮರಗಳ ಗುಂಪನ್ನು ಆರಿಸಿ, ಬುಡದಲ್ಲಿ ಶೇ. 20ರ ಡೈಕಾಂಬಾ ಕಳೆನಾಶಕವನ್ನು 10 ಸೆಂ.ಮೀ. ಸುತ್ತಳತೆಗೆ 1–2 ಮಿ.ಲೀ.ನಂತೆ ಚುಚ್ಚಬೇಕು. ಪ್ರಮಾಣ ಮೀರಿದರೆ ಮರ ಬೇಗ ಸತ್ತು ಒಣಗುತ್ತದೆ, ಕಣಜ ಅತ್ತ ಸುಳಿಯುವುದಿಲ್ಲ. ಮರ ನಿಧಾನವಾಗಿ ಸೊರಗಬೇಕು. ಹಾರಾಟ ಮುಗಿದ ಮೇಲೆ, ಚಳಿಗಾಲದೊಳಗೆ, ಕಾಂಡದ ಮೇಲೆ ರಾಳದ ಹನಿಗಳಿರುವ ಮರಗಳನ್ನು ಕಡಿದು ಕೊಂಬೆ ಸವರಿ ತೂತು ಹೊಡೆಯುತ್ತೇವೆ. ಅಡ್ಡ ಕೊಯ್ದಾಗ ನೀಲಿ ಕಲೆ ಕಂಡರೆ ಆ ಭಾಗ ಬಿಡಿ. ತೊಗಟೆ ದುಂಬಿಗಳು ತಂದ ನೀಲಿ ಶಿಲೀಂಧ್ರ ಅಮೈಲೊಸ್ಟೀರಿಯಮ್‌ನ ಜಾಗ ಹಿಡಿದಿರುತ್ತದೆ, ಜಂತುಹುಳುವಿಗೆ ಅಲ್ಲಿ ಊಟವಿಲ್ಲ.

ಇನ್ನು ಪಂಚ್ ಸುತ್ತಿಗೆ. ತುದಿಯಲ್ಲಿ ಸುಮಾರು 10 ಮಿ.ಮೀ. ವ್ಯಾಸದ ಟೊಳ್ಳು ಕೊಳವೆ. ತೊಗಟೆ ದಾಟಿ ಮರದೊಳಗೆ ಸುಮಾರು 10 ಮಿ.ಮೀ. ಇಳಿಯಬೇಕು. ಬಾಯಿ ಹರಿತವಿದ್ದರೆ ಮರದ ನೀರ್ಗೊಳವೆಗಳು ಕತ್ತರಿಸಿ ತೆರೆದುಕೊಳ್ಳುತ್ತವೆ, ಹುಳು ಒಳಹೋಗುವ ದಾರಿ ಅವೇ. ಮೊಂಡು ಪಂಚ್ ಅವನ್ನು ಕತ್ತರಿಸದೆ ಒತ್ತಿ ಮಡಚುತ್ತದೆ. ತೂತು ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಒಳಗೆ ಬಾಗಿಲು ಮುಚ್ಚಿರುತ್ತದೆ. ಡ್ರಿಲ್ ಬಳಸಬೇಡಿ, ಪುಡಿ ಕೊಳವೆಗಳ ಬಾಯಿಗೆ ಅಂಟಿ ಅದೇ ಗತಿ. ತೆಗೆದ ಬಿಲ್ಲೆಯ ಅಂಚು ನಾರುನಾರಾಗಿ ಕಂಡ ಕೂಡಲೆ ಪಂಚ್ ಮಸೆಯಿರಿ ಅಥವಾ ಬದಲಿಸಿ. ಸಂಜೆಗೆ ಮಸೆದರಾಯಿತು ಎನ್ನುವ ತಂಡದ ಮಧ್ಯಾಹ್ನದ ಕೆಲಸವೆಲ್ಲ ದಂಡ. ತೂತುಗಳು ಸುಮಾರು 30 ಸೆಂ.ಮೀ.ಗೊಂದು, ದಪ್ಪ ಕಾಂಡಕ್ಕೆ ಎರಡು ಸಾಲು.

ನೊರೆಗೆ ಶೇ. 10ರ ಜೆಲಾಟಿನ್ ದ್ರಾವಣ ಕಾಯಿಸಿ, ಪೂರ್ತಿ ಆರಿಸಿ, ಗಡ್ಡಕ್ಕೆ ಹಚ್ಚುವ ನೊರೆಯಷ್ಟು ಗಟ್ಟಿಯಾಗುವ ತನಕ ಕಡೆದು ಜಂತುಹುಳುವಿನ ನೀರನ್ನು ಬೆರೆಸುತ್ತೇವೆ. ಬಿಸಿ ಉಳಿದಿದ್ದರೆ ಹುಳು ಅಲ್ಲೇ ಸಾಯುತ್ತದೆ. ಬ್ರೆಜಿಲ್‌ನಲ್ಲಿ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆ ಕೊಡುವ 20 ಮಿ.ಲೀ. ಡೋಸಿನಲ್ಲಿ ಹತ್ತು ಲಕ್ಷ ಹುಳುಗಳಿರುತ್ತವೆ, ಸುಮಾರು ಹತ್ತು ಮರಗಳಿಗೆ ಸಾಕು. ಡೋಸುಗಳನ್ನು ತಂಪುಪೆಟ್ಟಿಗೆಯಲ್ಲೇ ಒಯ್ದು, ಬೆರೆಸಿದ್ದನ್ನು ಅಂದೇ ಮುಗಿಸಬೇಕು. ತುಂಬುವಾಗ ಬೆರಳಿನಿಂದ ಒತ್ತಿ, ತೂತಿನ ತಳದಲ್ಲಿ ಗಾಳಿ ಉಳಿದರೆ ನೊರೆ ಮರಕ್ಕೆ ತಾಗುವುದೇ ಇಲ್ಲ.

ತಳಿಯ ವಿಷಯ ಬೇರೆಯೇ ತಲೆನೋವು. ಪ್ರಯೋಗಾಲಯದಲ್ಲಿ ಬರೀ ಶಿಲೀಂಧ್ರ ತಿನ್ನಿಸಿ ವರ್ಷಗಟ್ಟಲೆ ಸಾಕಿದ ಹುಳು ಪರಾವಲಂಬಿಯಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಆದದ್ದು ಇದೇ. ಗ್ರೀನ್ ಟ್ರಯಾಂಗಲ್ ಪ್ರದೇಶದಲ್ಲಿ 1987ರಿಂದ ಕೆಲವೇ ವರ್ಷಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಪೈನ್ ಮರಗಳು ಸತ್ತವು. ಹುಡುಕಿದಾಗ ತಳಿ ಸೋತಿದ್ದು ಗೊತ್ತಾಯಿತು. ಮೊದಲೇ ಹುಳು ಬಿಟ್ಟಿದ್ದ ಟಾಸ್ಮೇನಿಯಾದ ಕಮೋನಾ ಕಾಡಿನಿಂದ ಮತ್ತೆ ಪಡೆದ ತಳಿಯೇ ಇಂದಿನ ಕಮೋನಾ. ಹಾಗಾಗಿ ಮೂಲ ದಾಸ್ತಾನು ದ್ರವ ಸಾರಜನಕದಲ್ಲಿರಲಿ, ಹುಳುವಿನ ಸಾಕಣೆಯನ್ನು ಆಗಾಗ ಸೋಂಕಿತ ಕಣಜದಿಂದಲೇ ಹೊಸದಾಗಿ ಶುರುಮಾಡಿ. ಫ್ಲಾಸ್ಕಿನಲ್ಲಿ ಚೆನ್ನಾಗಿ ಮರಿ ಹಾಕುತ್ತಿದೆ ಎನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಸೋತ ತಳಿಯೂ ಹಾಗೆಯೇ ಮರಿ ಹಾಕುತ್ತದೆ.

ತಪಾಸಣೆಗೆ, ಕಣಜ ಹೊರಬರುವ ಮುಂಚೆ ಉಪಚರಿಸಿದ ಮರಗಳ ಬುಡ, ನಡು, ತುದಿಗಳಿಂದ ದಿಮ್ಮಿ ಕತ್ತರಿಸಿ ಜಾಲರಿ ಪಂಜರದಲ್ಲಿ ಬೇರೆಬೇರೆಯಾಗಿ ಇಡಿ. ಹೊರಬಂದ ಕಣಜದ ಹೊಟ್ಟೆ ಸೀಳಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿ. ಮೊಟ್ಟೆಗಳನ್ನು ಒಡೆದೇ ನೋಡಬೇಕು: ಮೈಯಲ್ಲಿ ಹುಳುವಿದ್ದೂ ಮೊಟ್ಟೆಗೆ ಹೊಗದ ತಳಿಗಳಿವೆ, ಅವು ಕಣಜವನ್ನು ಬಂಜೆ ಮಾಡುವುದಿಲ್ಲ. ತುದಿಯ ದಿಮ್ಮಿಯಲ್ಲಿ ಮಾತ್ರ ಸೋಂಕು ಕಡಿಮೆಯಿದ್ದರೆ ನಾನು ಮೊದಲು ಶಂಕಿಸುವುದು ಪಸೆಯನ್ನು, ತುದಿ ಬೇಗ ಒಣಗುತ್ತದೆ. ಮುಂದಿನ ಸಲ ಇನ್ನೂ ಬೇಗ, ಮರ ಹಸಿಯಿರುವಾಗ ತೂತು ಹೊಡೆಯಬೇಕು. ಮೂರೂ ಕಡೆ ಕಡಿಮೆಯಿದ್ದರೆ ಪಂಚ್ ನೋಡಿ, ಅದು ಸರಿಯಿದ್ದರೆ ತಳಿ ಬದಲಿಸಿ.