ಸೋಡಾ ಘಟಕದಲ್ಲಿ ನೀರು ಎಲ್ಲಿ ಸೋರುತ್ತಿತ್ತು ಅಂತ ಕೊನೆಗೂ ಸಿಕ್ಕಿತು

ಕೋಲಾರದ ಕಡೆ ನಮ್ಮದೊಂದು ಸಣ್ಣ ಸೋಡಾ ಘಟಕ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ ನಂಬುವಂತಿಲ್ಲ. ಕಳೆದ ಬೇಸಿಗೆಯ ಟ್ಯಾಂಕರ್ ಲೆಕ್ಕ ನೋಡಿ ಎದೆ ಧಸಕ್ಕೆಂದಿತು. ಬಾಟಲಿಗಿಂತ ಚರಂಡಿಗೆ ಹೋಗುವುದೇ ಜಾಸ್ತಿ ಅನ್ನಿಸುತ್ತಿತ್ತು, ಆದರೆ ಮೀಟರ್ ಇದ್ದದ್ದು ಬೋರ್‌ವೆಲ್ ಹತ್ತಿರ ಒಂದೇ, ಎಲ್ಲಿಂದ ಹೋಗುತ್ತಿದೆ ಅಂತ ತಿಳಿಯುವುದಾದರೂ ಹೇಗೆ?

ಬಾಟಲಿ ತೊಳೆಯುವ ಯಂತ್ರಕ್ಕೆ, ನೀರು ಶುದ್ಧ ಮಾಡುವ ಆರ್‌ಒಗೆ, ನೆಲ ತೊಳೆಯುವ ಪೈಪಿಗೆ ಬೇರೆ ಬೇರೆ ಮೀಟರ್ ಹಾಕಿಸಿದೆ. ವಾರದಲ್ಲೇ ಗೊತ್ತಾಯಿತು. ಊಟಕ್ಕೆ ಎದ್ದಾಗ ಬಾಟಲಿ ನಿಂತರೂ ಯಂತ್ರದಲ್ಲಿ ನೀರು ಸುಮ್ನೆ ಸುರಿಯುತ್ತಿತ್ತು. ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಹಾಕಿ, ಬಾಟಲಿ ಸಾಗಿಸುವ ಬೆಲ್ಟಿನ ಮೋಟಾರಿಗೆ ಜೋಡಿಸಿದೆವು. ಬೆಲ್ಟ್ ನಿಂತರೆ ನೀರೂ ನಿಲ್ಲುತ್ತದೆ.

ದೊಡ್ಡ ಉಳಿತಾಯ ಬೇರೆಯದು. ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದ ಬಾಟಲಿಗೆ ಕೊನೆಗೆ ಒಳ್ಳೆ ನೀರು ಹಾಯಿಸುತ್ತೇವೆ ಅಲ್ವಾ, ಅದು ಹೊರಬರುವಾಗಲೂ ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ. ಅದನ್ನು ತೊಟ್ಟಿಯಲ್ಲಿ ಹಿಡಿದು, ಜಾಲರಿಯಲ್ಲಿ ಸೋಸಿ, ಸಣ್ಣ ಪಂಪಿನಿಂದ ಕೊಳೆ ಬಾಟಲಿಯ ಮೊದಲ ಸುತ್ತಿಗೆ ಕೊಟ್ಟೆವು. ಕೊನೆಯ ಸುತ್ತಿಗೆ ಮಾತ್ರ ಯಾವತ್ತೂ ಹೊಸ ನೀರೇ, ಅದರಲ್ಲಿ ರಾಜಿ ಬೇಡ. ಎರಡನೇ ದಿನವೇ ತೊಟ್ಟಿ ವಾಸನೆ ಬಂತು, ರಾತ್ರಿ ನೀರು ಬಿಟ್ಟದ್ದೇ ತಪ್ಪು. ಈಗ ಸಂಜೆ ಖಾಲಿ ಮಾಡಿ ಅದರಲ್ಲೇ ನೆಲ ತೊಳೆಯುತ್ತೇವೆ. ಆರ್‌ಒ ಹೊರಬಿಡುವ ಉಪ್ಪು ನೀರು ಶೌಚಾಲಯಕ್ಕೆ. ಈ ಬೇಸಿಗೆ ಟ್ಯಾಂಕರ್ ವಾರಕ್ಕೆ ಒಂದೇ ಸಲ ಬಂತು.