ನರಕೋಶ ಕಾಯುವ ಪ್ರೋಟೀನನ್ನು ಹುಡುಕುವುದು ಹೇಗೆ?

ಮಿದುಳು ಅಂದರೆ ಬರೀ ನರಕೋಶಗಳಲ್ಲ. ಅವುಗಳ ಊಟ ಉಪಚಾರ ನೋಡಿಕೊಂಡು, ಕಸ ತೆಗೆಯುವ ಗ್ಲಿಯಾ ಕೋಶಗಳೂ ಅಲ್ಲಿವೆ. ನರಕೋಶ ಸಾಯದಂತೆ ಕಾಯುವ ಕೆಲವು ಪ್ರೋಟೀನುಗಳನ್ನೂ ಇವು ಹೊರಬಿಡುತ್ತವೆ. ಅದರಲ್ಲಿ ಹೆಸರಾದದ್ದು ಜಿಡಿಎನ್‌ಎಫ್. ಅಮೆರಿಕದ ಸಿನರ್ಜೆನ್ ಕಂಪನಿಯ ವಿಜ್ಞಾನಿಗಳು 1993ರಲ್ಲಿ ಇದನ್ನು ಪ್ರಕಟಿಸಿದರು. ಅವರು ಹುಡುಕಿದ ದಾರಿ ಹೀಗಿತ್ತು.

ಹಂತ 1: ಇಲಿಯ ಗ್ಲಿಯಾ ಕೋಶಗಳನ್ನು ಪೋಷಕ ದ್ರವದಲ್ಲಿ ಬೆಳೆಸಬೇಕು. ಆಮೇಲೆ ಬೇಕಾಗಿರುವುದು ಕೋಶಗಳಲ್ಲ, ಅವು ಮುಳುಗಿದ್ದ ಆ ದ್ರವ. ಅವು ಹೊರಬಿಟ್ಟದ್ದೆಲ್ಲ ಅದರಲ್ಲೇ ಇರುತ್ತದಲ್ವಾ?

ಹಂತ 2: ಇನ್ನೂ ಹುಟ್ಟದ ಇಲಿಮರಿಯ ನಡುಮಿದುಳಿನಿಂದ ನರಕೋಶಗಳನ್ನು ತೆಗೆದು ಬೇರೆ ತಟ್ಟೆಗಳಲ್ಲಿ ಬೆಳೆಸಬೇಕು. ಕೈಕಾಲಿನ ಚಲನೆ ಕುಂದಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಡೋಪಮೈನ್ ಕೋಶಗಳು, ಅಂದರೆ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ತಯಾರಿಸುವ ನರಕೋಶಗಳು, ಇರುವುದು ಅಲ್ಲೇ. ಕೆಲವು ತಟ್ಟೆಗಳಿಗೆ ಗ್ಲಿಯಾ ದ್ರವ ಹಾಕಬೇಕು, ಉಳಿದವಕ್ಕೆ ಹಾಕಬಾರದು.

ಹಂತ 3: ಇದು ಜಾಣತನದ ಘಟ್ಟ. ಆ ತಟ್ಟೆಯಲ್ಲಿ ಹತ್ತಾರು ಬಗೆಯ ಕೋಶಗಳಿರುತ್ತವೆ, ಡೋಪಮೈನ್ ಕೋಶಗಳು ಬೆರಳೆಣಿಕೆಯಷ್ಟು. ಅವುಗಳ ಆರೋಗ್ಯವನ್ನಷ್ಟೇ ಅಳೆಯುವುದು ಹೇಗೆ? ವಿಕಿರಣದ ಗುರುತು ಹಚ್ಚಿದ ಡೋಪಮೈನನ್ನು ತಟ್ಟೆಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯುತ್ತಾರೆ. ಡೋಪಮೈನನ್ನು ಜೋರಾಗಿ ಒಳಗೆಳೆದುಕೊಳ್ಳುವುದು ಆ ಕೋಶಗಳೇ. ಒಳಗೆ ಉಳಿದ ವಿಕಿರಣ ಜಾಸ್ತಿ ಇದ್ದರೆ ಅವು ಗಟ್ಟಿಯಾಗಿವೆ ಎಂದರ್ಥ.

ಹಂತ 4: ದ್ರವವನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಪ್ರತಿ ಭಾಗಕ್ಕೂ ಇದೇ ಪರೀಕ್ಷೆ. ಗುಣವಿದ್ದ ಭಾಗವನ್ನು ಮತ್ತೆ ಒಡೆಯಬೇಕು. ಇದಕ್ಕೆ ತಾಳ್ಮೆಯೊಂದೇ ಮದ್ದು. ಕೊನೆಗೆ ಒಂದೇ ಪ್ರೋಟೀನ್ ಉಳಿದಾಗ ಅದರ ಅಮೈನೋ ಆಮ್ಲಗಳನ್ನು ಓದಿ, ಜೀನ್ ಹುಡುಕಿ, ಪ್ರೋಟೀನನ್ನು ಲ್ಯಾಬಿನಲ್ಲೇ ತಯಾರಿಸಬಹುದು.

ಹಂತ 5: ರೋಗಿಗೆ ಕೊಡುವುದು. ನನ್ನ ಪ್ರಕಾರ ಹುಡುಕುವುದಕ್ಕಿಂತ ಇದೇ ಕಷ್ಟ. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ರಕ್ತಕ್ಕೆ ಚುಚ್ಚಿದರೆ ಮಿದುಳಿನ ರಕ್ತನಾಳಗಳ ಗೋಡೆ ಇಷ್ಟು ದೊಡ್ಡ ಪ್ರೋಟೀನನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 41 ಪಾರ್ಕಿನ್ಸನ್ ರೋಗಿಗಳ ಮಿದುಳಿನೊಳಕ್ಕೆ ಸಣ್ಣ ಕೊಳವೆಗಳನ್ನು ಇಳಿಸಿದರು. ಕಿವಿಯ ಹಿಂದಿನ ಜೋಡಣೆಯ ಮೂಲಕ ನಾಲ್ಕು ವಾರಕ್ಕೊಮ್ಮೆ ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ದ್ರವ. 2019ರಲ್ಲಿ ಫಲಿತಾಂಶ ಬಂತು. ಔಷಧ ಪಡೆದವರ ಸ್ಕ್ಯಾನ್‌ನಲ್ಲಿ ಡೋಪಮೈನ್ ಚಟುವಟಿಕೆ ಹೆಚ್ಚಿತ್ತು, ಆದರೆ ಕೈಕಾಲಿನ ಚಲನೆಯಲ್ಲಿ ಎರಡೂ ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ.

ಈಗ ಪರೀಕ್ಷೆಯಲ್ಲಿರುವುದು ಇನ್ನೊಂದು ದಾರಿ. ಕಾಯಿಲೆ ತರದ ವೈರಸ್ಸಿನೊಳಗೆ ಜಿಡಿಎನ್‌ಎಫ್ ಜೀನ್ ಇಟ್ಟು ಒಂದೇ ಸಲ ಮಿದುಳಿಗೆ ಬಿಡುತ್ತಾರೆ. ಆಮೇಲೆ ಪ್ರೋಟೀನನ್ನು ಅಲ್ಲಿನ ಕೋಶಗಳೇ ತಯಾರಿಸಿಕೊಳ್ಳಬೇಕು.